ಪಾಠದೊಳಗಿನ ಹಣಮಂತಪ್ಪ

ಉಳಿದವರಿಗೆ ದಣಿವು ಸಂಜೆಯ ಹೊತ್ತಿಗೆ ಬರುತ್ತದೆ. ಕಾಶೀರಾಮ ಮಾಸ್ತರರಿಗೆ ಅದು ಬೆಳಗಿನ ಚಹಾದ ಜೊತೆಗೇ ಬರುತ್ತಿತ್ತು. ಮನೆ ಬೀದರಿನ ಚಿದ್ರಿಯಲ್ಲಿ, ನೌಕರಿ ಔರಾದ ತಾಲ್ಲೂಕಿನ ಸೋನವಾಡಿಯಲ್ಲಿ. ಚಿದ್ರಿಯಿಂದ ಬಸ್‌ಸ್ಟ್ಯಾಂಡಿಗೆ ಆಟೊ, ಅಲ್ಲಿಂದ ಔರಾದಕ್ಕೆ ಒಂದು ಬಸ್ಸು, ಔರಾದದಿಂದ ಎಕಂಬಾ ದಾಟಿ ಹೋಗುವ ಇನ್ನೊಂದು ಬಸ್ಸು. ಆ ಬಸ್ಸು ತಪ್ಪಿದರೆ ಕುರಿ, ಗೊಬ್ಬರದ ಚೀಲ, ಮದುವೆಗೆ ಹೊರಟ ಮಂದಿ ಎಲ್ಲವನ್ನೂ ಒಟ್ಟಿಗೆ ತುಂಬಿಕೊಂಡ ಟಂಟಂ. ಶಾಲೆಯ ಮುಂದೆ ಇಳಿಯುವಾಗ ಅವರ ಮೈ ಮಾತ್ರ ಬಂದಿರುತ್ತಿತ್ತು; ಮನಸ್ಸು ಔರಾದದ ಬಸ್‌ಸ್ಟ್ಯಾಂಡಿನಲ್ಲಿ ಇನ್ನೂ ಸೀಟು ಹುಡುಕುತ್ತಿರುತ್ತಿತ್ತು.

ಅವರಿಗೆ ಬೇಕಾಗಿದ್ದದ್ದು ಇಷ್ಟೇ: ಬೀದರಿನ ಯಾವುದಾದರೂ ಶಾಲೆಗೆ ನಿಯೋಜನೆ. ಔರಾದದ ಶಿಕ್ಷಣಾಧಿಕಾರಿ ಸಾಹೇಬರು ಒಲ್ಲೆ ಅಂದಿರಲಿಲ್ಲ. "ಊರವರದು ತಕರಾರು ಇರಬಾರದು ನೋಡ್ರಿ ಮಾಸ್ತರ. ನಿಮ್ಮ ಸಾಲಿ ಅಧ್ಯಕ್ಷರು ಹೂಂ ಅಂದ್ರ ನಾನೂ ಹೂಂ," ಅಂದಿದ್ದರು.

ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ಹಣಮಂತಪ್ಪ. ಊರ ತುಂಬ ಕುರಿ, ತಲೆಯ ತುಂಬ ರುಮಾಲು, ಊರಿನಲ್ಲಿ ದೊಡ್ಡ ಮರ್ಯಾದೆ. ಒಂದೇ ತೊಂದರೆ: ಹಣಮಂತಪ್ಪನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ತೊಂದರೆ: ಕೇಳಿಸುವುದಿಲ್ಲ ಎಂಬ ಮಾತನ್ನು ಊರಲ್ಲಿ ಯಾರೂ ಆಡುತ್ತಿರಲಿಲ್ಲ. ಯಾರು ಏನೇ ಹೇಳಲಿ, ಅವನು ಗಂಭೀರವಾಗಿ ತಲೆಯಾಡಿಸುತ್ತಿದ್ದ. ಆಮೇಲೆ ತನಗೆ ತೋಚಿದ ಉತ್ತರ ಕೊಡುತ್ತಿದ್ದ. ಕಾಶೀರಾಮ ಮಾಸ್ತರರು ಎಷ್ಟೋ ಸಲ ಅವನ ಮನೆಗೆ ಹೋಗಿ, "ಮುತ್ಯಾ, ನನಗ ನಿಯೋಜನೆ ಬೇಕಾಗ್ಯಾದ" ಎಂದಿದ್ದರು. "ಭೋಜನ ಏನ್ರಿ? ಅದಕ್ಕ ಕೇಳೋದದ ಏನು? ಕೂಡ್ರಿ, ಕೂಡ್ರಿ," ಎಂದು ಹಣಮಂತಪ್ಪ ಅವರನ್ನು ಮಣೆಯ ಮೇಲೆ ಕೂರಿಸಿ, ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸುತ್ತಿದ್ದ. ಮಾಸ್ತರರು ಉಂಡು, ಕೈತೊಳೆದು, ಹೋದ ದಾರಿಯಲ್ಲೇ ಮರಳುತ್ತಿದ್ದರು.

ಹೀಗಿರುವಾಗ ಒಂಬತ್ತನೇ ತರಗತಿಯ ಪುಸ್ತಕದಲ್ಲಿ ಹಾಸ್ಯ ನಾಟಕದ ಸರದಿ ಬಂತು.

ನಾಟಕ ಚಿಕ್ಕದು. ಒಬ್ಬರ ಮನೆಗೆ ಹಳ್ಳಿಯಿಂದ ಕಿವುಡ ಮಾವ ಬರುತ್ತಾನೆ. ಅವನಿಗೆ ಒಂದು ಹೇಳಿದರೆ ಇನ್ನೊಂದು ಕೇಳಿಸಿ ಮನೆಯೆಲ್ಲ ಗದ್ದಲವಾಗುತ್ತದೆ. ಕಡೆಗೆ ಮನೆಗೆ ಕಳ್ಳ ನುಗ್ಗಿ ಚೂರಿ ತೋರಿಸಿ ಬೆದರಿಸುತ್ತಾನೆ; ಮಾವನಿಗೆ ಒಂದು ಮಾತೂ ಕೇಳಿಸದೆ, ಬಂದವನು ನೆಂಟನೆಂದು ತಿಳಿದು "ಉಂಡು ಹೋಗಪ್ಪ" ಎಂದು ಕೈ ಹಿಡಿದು ಕೂರಿಸುತ್ತಾನೆ. ಇಂಥ ಧೈರ್ಯವಂತನನ್ನು ಕಂಡಿರದ ಕಳ್ಳ ದಿಗಿಲುಬಿದ್ದು ಓಡಿಹೋಗುತ್ತಾನೆ.

ನಗದ ತರಗತಿಯ ಮುಂದೆ ನಗೆನಾಟಕ ಓದುವುದಕ್ಕಿಂತ ಕಷ್ಟದ ಕೆಲಸ ಸರ್ಕಾರಿ ನೌಕರಿಯಲ್ಲಿ ಇನ್ನೊಂದಿಲ್ಲ. ಮಾಸ್ತರರು ದನಿ ಬದಲಿಸಿ ಓದಿದರು: "'ಮಾವ, ಊಟ ಆಯ್ತೇ?' 'ಓಟವೇ? ಈ ವಯಸ್ಸಿನಲ್ಲಿ ನನ್ನನ್ನು ಯಾಕಪ್ಪ ಓಡಿಸ್ತೀಯ?' ಎಲ್ಲರೂ ನಗುವರು."

ಮಕ್ಕಳು ಸುಮ್ಮನೆ ಕೂತಿದ್ದರು. ಮನೆಯಲ್ಲಿ ಒಂದು ಭಾಷೆ, ಬಜಾರದಲ್ಲಿ ಒಂದು, ಗಡಿಯಾಚೆಯ ಸೋದರಮಾವನ ಊರಲ್ಲಿ ಇನ್ನೊಂದು ಆಡುವ ಮಕ್ಕಳಿಗೆ ಪುಸ್ತಕದ ಕನ್ನಡ ನಾಲ್ಕನೆಯ ಭಾಷೆ. ಮುಂದಿನ ಸಾಲಿನ ಪೂನಮ ಎದ್ದು ನಿಂತಳು.

"ಸರ್, 'ಎಲ್ಲರೂ ನಗುವರು' ಅಂತ ಬರದದ. ನಾವೂ ನಗಬೇಕೇನ್ರಿ?"

"ನಗೂ ಬಂದ್ರ ನಗ್ರಿ."

"ಪರೀಕ್ಷಾಕ್ಕ ಬರ್ತದೇನ್ರಿ?"

ಬೆಳಗಿನಿಂದ ಎರಡು ಬಸ್ಸಿನಲ್ಲಿ ನಿಂತೇ ಬಂದಿದ್ದ ಮಾಸ್ತರರು ಕುರ್ಚಿಯಲ್ಲಿ ಕುಸಿದರು. ಪುಸ್ತಕ ಮುಚ್ಚಿ, "ಅದನ್ನ ಬಿಡ್ರಿ. ನಿಮ್ಮ ಊರಾಗ ಯಾರರ ಹಿಂಥವರು ಅದಾರೇನು? ಒಂದು ಹೇಳಿದ್ರ ಒಂದು ಕೇಳಿಸ್ಕೊಳ್ಳೋರು?" ಎಂದು ಕೇಳಿದರು.

ಇಡೀ ತರಗತಿ ಒಂದೇ ಉಸಿರಿಗೆ, "ಪೂನಮನ ಮುತ್ಯಾ!" ಎಂದು ಕಿರುಚಿತು. ಬೆಂಚು ಬಡಿದುಕೊಂಡು ನಕ್ಕಿತು. ಹಣಮಂತಪ್ಪನ ಮೊಮ್ಮಗಳು ಪೂನಮ ಕೂಡ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಾಸ್ತರರು ಬೈಯಬೇಕಿತ್ತು. ಆದರೆ ಅವರಿಗೆ "ಭೋಜನ" ನೆನಪಾಯಿತು, ಅವರೂ ನಕ್ಕುಬಿಟ್ಟರು. ನೌಕರಿಗೆ ಸೇರಿದಂದಿನಿಂದ ಅವರು ಶಾಲೆಯಲ್ಲಿ ಮನಸಾರೆ ನಕ್ಕದ್ದು ಅದೇ ಮೊದಲು. ಅದರ ಬೆಲೆ ಮರುದಿನವೇ ತೆರಬೇಕಾಯಿತು.

ಪೂನಮ ಸಂಜೆ ಮನೆಗೆ ಓಡಿಹೋಗಿ ಅಜ್ಜನ ಕಿವಿಯಲ್ಲಿ, "ಮುತ್ಯಾ, ನೀ ನಮ್ಮ ಬುಕ್ಕಿನಾಗ ಇದ್ದೀ!" ಎಂದು ಕೂಗಿದಳು. ಆಮೇಲೂ ಅವಳು ಬಹಳಷ್ಟು ಹೇಳಿದಳು. ಹಣಮಂತಪ್ಪನಿಗೆ ಕೇಳಿಸಿದ್ದು ಅಷ್ಟೇ.

ಮರುದಿನ ಮಾಸ್ತರರು ಬಸ್ಸಿಳಿದರೆ ನಿಲ್ದಾಣದಲ್ಲಿ ಹೊಸ ರುಮಾಲು ಸುತ್ತಿಕೊಂಡ ಹಣಮಂತಪ್ಪ ಪೇಢೆಯ ಡಬ್ಬಿ ಹಿಡಿದು ನಿಂತಿದ್ದ. ಸುತ್ತ ಹತ್ತಾರು ಜನ.

"ಮಾಸ್ತರ!" ಅವನ ದನಿ ಮೂರು ಹೊಲ ದಾಟಿ ಕೇಳುವಂಥದ್ದು. "ಸರಕಾರದವರು ನನಗ ಬುಕ್ಕಿನಾಗ ಹಾಕ್ಯಾರಂತ! ಖರೆ ಏನ್ರಿ?"

ನಿಜ ಹೇಳಬೇಕೆಂದರೆ ಅಷ್ಟೇ ದನಿಯಲ್ಲಿ, ಅಷ್ಟೂ ಜನರೆದುರು ಹೇಳಬೇಕಿತ್ತು: ಪುಸ್ತಕದಲ್ಲಿರುವವನು ನೀನಲ್ಲ, ಒಬ್ಬ ಕಿವುಡ, ನಿನಗೂ ಕಿವಿ ಕೇಳಿಸುವುದಿಲ್ಲವೆಂದು ಹುಡುಗರು ನಕ್ಕರು, ನಾನೂ ನಕ್ಕೆ. ಮಾಸ್ತರರ ಚೀಲದ ಹಿಡಿ ಬಸ್ಸಿನಲ್ಲಿ ಹರಿದಿತ್ತು. ಕಾಲು ನೋಯುತ್ತಿತ್ತು. ಎದುರಿಗೆ ನಿಂತವನ ಒಂದು "ಹೂಂ"ನಲ್ಲಿ ಅವರ ನಿಯೋಜನೆ ಇತ್ತು. ಅವರು ಎಲ್ಲರಿಗೂ ಕಾಣುವಂತೆ ತಲೆಯಾಡಿಸಿದರು.

ಹಣಮಂತಪ್ಪ ಅವರ ಬಾಯಿಗೆ ಪೇಢೆ ತುರುಕಿದ. ಬಾಯಿ ತುಂಬ ಪೇಢೆ ಇದ್ದವನು ತಿದ್ದುಪಡಿ ಹೇಳುವುದಾದರೂ ಹೇಗೆ?

ಮಧ್ಯಾಹ್ನದ ಹೊತ್ತಿಗೆ ಊರು ಎರಡಾಯಿತು: ಪುಸ್ತಕದಲ್ಲಿ ಇರುವ ಹಣಮಂತಪ್ಪ, ಇಲ್ಲದ ಉಳಿದವರು. ಕಿರಾಣಿ ಅಂಗಡಿಯ ಪಂಢರಿ ಶಾಲೆಯ ಮೆಟ್ಟಿಲೇರಿ ಬಂದ.

"ಏನ್ ಮಾಸ್ತರ, ಸಾಲಿಗಿ ಬ್ಯಾಳಿ ಕೊಡಾಂವ ನಾ, ಎಣ್ಣಿ ಕೊಡಾಂವ ನಾ. ಬುಕ್ಕಿನಾಗ ಮಾತ್ರ ಆ ಮುದುಕ. ಇದು ಯಾವ ನ್ಯಾಯ?"

"ಪಂಢರಿ, ಬುಕ್ಕ ಬೆಂಗಳೂರಾಗ ಆಗ್ತದ. ನನ್ನ ಕೈಯಾಗ ಏನದ?"

"ಎಲ್ಲೇ ಆಗಲಿ. ನನಗೊಂದು ಜಾಗಾ ಇಲ್ಲೇನು ಅದ್ರಾಗ?"

ಮಾಸ್ತರರಿಗೆ ಸಾಕಾಗಿತ್ತು. "ನಾಟಕದಾಗ ಇನ್ನ ಉಳಿದಿರೋದು ಒಂದು ಕಳ್ಳನ ಪಾರ್ಟು," ಎಂದರು.

ಪಂಢರಿ ಕೆಂಪಗಾಗಿ ಹೊರಟುಹೋದ. ಮಾಸ್ತರರು ತನ್ನನ್ನು ಕಳ್ಳ ಎಂದರೆಂದು ಸಂಜೆಯವರೆಗೆ ಓಣಿ ಓಣಿಯಲ್ಲಿ ಹೇಳಿಕೊಂಡು ತಿರುಗಿದ. ಆದರೆ ಮರುದಿನ ಬೆಳಿಗ್ಗೆ ಮತ್ತೆ ಮೆಟ್ಟಿಲ ಮೇಲೆ ಹಾಜರಾಗಿ, ಯಾರೂ ಇಲ್ಲದ್ದು ನೋಡಿಕೊಂಡು ಮೆಲ್ಲಗೆ ಕೇಳಿದ: "ಕಳ್ಳಗ ಮಾತು ಎಷ್ಟು ಅವರಿ? ಹಣಮಂತಪ್ಪನಕಿಂತ ಜಾಸ್ತಿ ಅವೇನು?"

ಇದು ಇಲ್ಲಿಗೇ ನಿಂತಿದ್ದರೆ ಸೋನವಾಡಿಯ ಸಂಗತಿ ಸೋನವಾಡಿಯಲ್ಲೇ ಮುಗಿಯುತ್ತಿತ್ತು. ಆದರೆ ಅಂದು ರಾತ್ರಿ ಉಣ್ಣುತ್ತ ಮಾಸ್ತರರು ಹೆಂಡತಿ ಸಿದ್ದೇಶ್ವರಿಗೆ, "ನಮ್ಮ ಅಧ್ಯಕ್ಷ ಹಣಮಂತಪ್ಪ ಇದ್ದಾನಲ್ಲ, ಪಾಠದಾಗ ಅವನ ಹೆಸರು…" ಎಂದು ಶುರುಮಾಡಿ, ತುತ್ತು ಕೈಯಲ್ಲಿರುವಾಗಲೇ ತೂಕಡಿಸಿದರು. ಮಾತಿನ ಉಳಿದರ್ಧವನ್ನು ಸಿದ್ದೇಶ್ವರಿ ತಾನೇ ತುಂಬಿಕೊಂಡಳು. ಪಾಠದಲ್ಲಿ ಹೆಸರು ಬರುವುದು ಯಾರದು? ಪಾಠ ಬರೆದವರದು. ಅವಳು ಭಾಲ್ಕಿಯಲ್ಲಿದ್ದ ತಮ್ಮ ದಿಲೀಪನಿಗೆ ಫೋನು ಹಚ್ಚಿದಳು. "ನಿಮ್ಮ ಮಾಮಾನ ಸಾಲಿ ಅಧ್ಯಕ್ಷರು ಬುಕ್ಕಿನಾಗ ಪಾಠ ಬರದಾರಂತೋ! ಕುರಿ ಕಾಯೋ ಮನಿಶ್ಯಾ!"

ದಿಲೀಪನಿಗೆ ಭಾಲ್ಕಿಯಲ್ಲಿ ಮೊಬೈಲ್ ಅಂಗಡಿ ಇತ್ತು. ಅದಕ್ಕಿಂತ ಮುಖ್ಯವಾಗಿ ಅವನು ಗಡಿ ಕನ್ನಡ ಬಳಗದ ಅಧ್ಯಕ್ಷನಾಗಿದ್ದ. ಬಳಗ ಆ ವರ್ಷ ಒಂದು ವಿಚಿತ್ರ ಬಿಕ್ಕಟ್ಟಿನಲ್ಲಿತ್ತು. ಸನ್ಮಾನದ ಶಾಲುಗಳು ಇನ್ನೂ ಉಳಿದಿದ್ದವು, ಸಾಹಿತಿಗಳು ಮುಗಿದುಹೋಗಿದ್ದರು. ಭಾಲ್ಕಿಯಲ್ಲಿ ಒಂದು ಕವನ ಬರೆದವರಿಗೂ ಸನ್ಮಾನ ಆಗಿತ್ತು, ಬರೆಯುತ್ತೇನೆ ಅಂದವರಿಗೂ ಆಗಿತ್ತು. ಅಕ್ಕನ ಫೋನು ಬಂದಾಗ ದಿಲೀಪ ಹಾಸಿಗೆಯ ಮೇಲೆ ಎದ್ದು ಕೂತ.

ಬೆಳಗಾಗುವುದರೊಳಗೆ ಬೀದರ ಜಿಲ್ಲೆಯ ಫೋನುಗಳಲ್ಲೆಲ್ಲ ಹಣಮಂತಪ್ಪ ಓಡಾಡಿದ: "ಗಡಿನಾಡಿನ ಎಲೆಮರೆಯ ಕಾಯಿ! ಕುರಿ ಕಾಯುತ್ತಲೇ ಪಠ್ಯಪುಸ್ತಕಕ್ಕೆ ನಾಟಕ ಬರೆದ ಸೋನವಾಡಿಯ ಸಾಹಿತಿ!" ಚಿದ್ರಿಯ ಮನೆಯ ಬಾಗಿಲಲ್ಲಿ ನೀರು ಹಿಡಿಯುತ್ತಿದ್ದ ನೆರೆಯ ವಜೀರಬೀ ಮಾಸ್ತರರನ್ನು ಕಂಡು ಹಣೆ ಬಡಿದುಕೊಂಡಳು.

"ಏನ್ರಿ ಮಾಸ್ತರ, ಇಷ್ಟು ವರ್ಷ ಕನ್ನಡಾ ಕಲಸ್ತೀರಿ. ಒಂದು ಪಾಠ ಬರಿಲಿಕ್ಕ ಆಗಲಿಲ್ಲ ನಿಮಗ? ಕುರಿ ಕಾಯೋರು ಬರದು ತೋರಿಸ್ಯಾರ ನೋಡ್ರಿ."

ಮಾಸ್ತರರು ಆಟೊದಲ್ಲೇ ದಿಲೀಪನಿಗೆ ಫೋನು ಮಾಡಿದರು. "ದಿಲೀಪ, ಅಂವ ಬರದಿಲ್ಲೋ ಮಾರಾಯಾ. ಅದು ಬ್ಯಾರೆನೇ ಅದ."

"ಮಾಮಾ, ದೊಡ್ಡವರು ಯಾರೂ ತಾವು ಬರದೇವಿ ಅಂತ ಹೇಳ್ಕೊಳ್ಳಂಗಿಲ್ಲ. ಅದೇ ಅವರ ದೊಡ್ಡಸ್ತಿಕಿ."

"ಅಯ್ಯ, ನಾ ಹೇಳೋದು ಕೇಳು…"

"ನೀವೇ ಕೇಳ್ರಿ. ನಿಮ್ಮ ಸಾಲಿಯಾಗೇ ಅವರ ಸನ್ಮಾನ ಇಟ್ಟೇವಿ, ಔರಾದ ಸಾಹೇಬರೂ ಬರ್ತೇನಿ ಅಂದಾರ. ನಿಮ್ಮ ನಿಯೋಜನೆದ ಮಾತು ಎತ್ತಿದೆ. ಅಧ್ಯಕ್ಷರು ಖುಷಿಲೆ ಇರ್ತಾರ, ಸ್ಟೇಜಿನ ಮ್ಯಾಲೇ ಹೂಂ ಅನಸಿ ಬಿಡೋಣು ಅಂದ್ರು."

ಮಾಸ್ತರರು ಫೋನು ಜೇಬಿಗೆ ಹಾಕಿಕೊಂಡರು. ಆಟೊ ಗುಂಡಿಗೆ ಬಿತ್ತು. ನಿಯೋಜನೆ ಎಂಬ ಶಬ್ದ ಕೇಳಿದ ಕೂಡಲೇ ಅವರ ಸೊಂಟದ ನೋವು ಅರ್ಧ ಕಡಿಮೆಯಾದದ್ದು ಸುಳ್ಳಲ್ಲ.

ಆದರೂ ಅವರು ಕೆಟ್ಟ ಮನುಷ್ಯರಲ್ಲ. ಕಾರ್ಯಕ್ರಮದ ಹಿಂದಿನ ದಿನ ಶಾಲೆ ಬಿಟ್ಟ ಮೇಲೆ, ಹಣಮಂತಪ್ಪ ಕುರಿಯ ಹಿಂದೆ ಹೋದ ಹೊತ್ತು ನೋಡಿ ಅವನ ಮನೆಗೆ ಹೋದರು. ಹೆಂಡತಿ ಹೀರಾಬಾಯಿ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು.

"ಬಾಯಿ, ನಿಮಗೊಂದು ಮಾತು ಹೇಳಬೇಕಿತ್ತು. ಆ ಬುಕ್ಕಿನಾಗ ಇರೋದು…"

"ಒಬ್ಬ ಕಿವುಡ," ಎಂದಳು ಹೀರಾಬಾಯಿ. ಮೊರದ ಸದ್ದು ನಿಲ್ಲಲಿಲ್ಲ. "ಪೂನಮ ಎಲ್ಲಾ ಓದಿ ಹೇಳ್ಯಾಳ್ರಿ. ನಾನೂ ನಕ್ಕೆ."

"ಮತ್ತ ಅವರಿಗಿ ಹೇಳಿಲ್ಲೇನು?"

ಈಗ ಮೊರ ನಿಂತಿತು. "ಹೇಳಬೇಕಂತ ಹೋದೆ. ಅವರು ಕನ್ನಡಿ ಮುಂದ ನಿಂತು ರುಮಾಲ ಸುತ್ತಲತ್ತಿದ್ರು. ಸುತ್ತೋದು, ಬಿಚ್ಚೋದು, ಮತ್ತ ಸುತ್ತೋದು. ಮದವಿ ದಿನಾನೂ ಹಂಗ ಸುತ್ತಿರಲಿಲ್ಲ. ನನಗ ಬಾಯಿ ಬರಲಿಲ್ಲರಿ ಮಾಸ್ತರ. ಅವರಿಗಿ ಕೇಳ್ಸಂಗಿಲ್ಲ ಅನ್ನೋ ಮಾತು ನಮ್ಮ ಮನ್ಯಾಗ ಯಾರೂ ಆಡಂಗಿಲ್ಲ. ಅವರೂ ಆಡಂಗಿಲ್ಲ. ಮಗಳು ಬಂದ್ರ ಒದರ್ತಾಳ, ಮೊಮ್ಮಗಳು ಒದರ್ತಾಳ, ಎಲ್ಲಾರೂ ಸುಮ್ಮ ಒದರ್ತೇವಿ. ಯಾಕ ಒದರ್ತೇವಿ ಅಂತ ಯಾರೂ ಕೇಳಂಗಿಲ್ಲ."

ಮಾಸ್ತರರು ಕಟ್ಟೆಯ ಮೇಲೆ ಕೂತರು. ಹೀರಾಬಾಯಿ ಒಳಗೆ ಹೋಗಿ ಅವರಿಗೆ ರೊಟ್ಟಿ ತಂದಿಟ್ಟಳು. ಅದನ್ನೂ ಉಂಡರು.

ಕಾರ್ಯಕ್ರಮದ ದಿನ ಶಾಲೆಯ ಮೈದಾನದಲ್ಲಿ ಶಾಮಿಯಾನ ಎದ್ದಿತು. ಡಾಬಕಾದಿಂದ ಹಣಮಂತಪ್ಪನ ಬೀಗರು ಬಂದರು. ಭಾಲ್ಕಿಯಿಂದ ದಿಲೀಪ ತನ್ನ ಬಳಗದವರನ್ನು ಜೀಪಿನಲ್ಲಿ ತುಂಬಿಕೊಂಡು, ಶಾಲು ಮತ್ತು ಹಾರ ಸಮೇತ ಬಂದಿಳಿದ. ಔರಾದದ ಸಾಹೇಬರು ಬಂದು ನಡುವಿನ ಕುರ್ಚಿಯಲ್ಲಿ ಕೂತರು. ಅವರ ಪಕ್ಕದಲ್ಲಿ ಹಣಮಂತಪ್ಪ, ಮುಂದಿನ ಸಾಲಿನಲ್ಲಿ ಹೀರಾಬಾಯಿ. ಕೊನೆಯಲ್ಲಿ ಮಕ್ಕಳು ಆ ನಾಟಕ ಆಡುವವರಿದ್ದರು; ಪಂಢರಿ ಕಳ್ಳನ ಪಾತ್ರಕ್ಕೆ ಕರೆ ಬಂದರೆ ಇರಲಿ ಎಂದು ಕರಿ ಕಂಬಳಿ ಹೊದ್ದು ವೇದಿಕೆಯ ಪಕ್ಕದಲ್ಲೇ ನಿಂತ.

ದಿಲೀಪ ಮೊದಲಿಗೇ ಶಾಲು ಹೊದಿಸಿದ. ಚಪ್ಪಾಳೆ ಬಿತ್ತು. ಚಪ್ಪಾಳೆ ಹಣಮಂತಪ್ಪನಿಗೆ ಚೆನ್ನಾಗಿ ಕೇಳಿಸಿತು. ಆಮೇಲೆ ಸಾಹಿತಿಗಳೊಂದಿಗೆ ಸಂವಾದ ಎಂದು ದಿಲೀಪ ಮೈಕು ಹಿಡಿದು ಅವನ ಪಕ್ಕ ಕೂತ. ಮಾಸ್ತರರು ವೇದಿಕೆಯ ಮೂಲೆಯ ಕಂಬವನ್ನು ಹಿಡಿದುಕೊಂಡರು.

"ಹಿರಿಯರು ಈವರೆಗೆ ಎಷ್ಟು ಕೃತಿ ಹೊರಗ ತಂದೀರಿ?"

ಹಣಮಂತಪ್ಪ ಗಂಭೀರವಾಗಿ ತಲೆಯಾಡಿಸಿದ. "ಕುರಿ ಏನ್ರಿ? ದಿನಾ ಹೊರಗ ತರಬೇಕಲ್ಲ. ದೊಡ್ಡಿನಾಗ ಇಟ್ರ ಸಾಯ್ತಾವ."

ದಿಲೀಪ ಬೆರಗಾಗಿ ಜನರತ್ತ ತಿರುಗಿದ. "ಕೇಳಿದ್ರೇನು? ಕೃತಿ ದೊಡ್ಡಿನಾಗ ಇಟ್ರ ಸಾಯ್ತದಂತ! ಎಂಥಾ ಮಾತು!" ಬಳಗದವರು ಚಪ್ಪಾಳೆ ತಟ್ಟಿದರು. "ಆದ್ರ ಒಂದೊಂದು ಕೃತಿಗೆ ಎಷ್ಟು ತ್ರಾಸ ಪಡಬೇಕಾಗ್ತದ?"

"ಭಾಳ ತ್ರಾಸರಿ. ಮಳಿಗಾಲದಾಗ ಕಾಲಿಗಿ ಹುಳ ಬೀಳ್ತಾವ. ಎಣ್ಣಿ ಹಚ್ಚಬೇಕು."

ದಿಲೀಪ ಇದನ್ನು ಅರ್ಥಮಾಡಿಕೊಳ್ಳಲು ಕೊಂಚ ಹೊತ್ತು ತೆಗೆದುಕೊಂಡ. ಆಮೇಲೆ ಅದೂ ಏನೋ ಆಳವಾದ ಮಾತೇ ಇರಬೇಕೆಂದು ನಿಟ್ಟುಸಿರು ಬಿಟ್ಟ. "ನಿಮ್ಮ ಪಾತ್ರಗಳು ಭಾಳ ಜೀವಂತ ಅವ ಅಂತಾರ. ಪಾತ್ರ ಎಲ್ಲಿಂದ ತರ್ತೀರಿ?"

"ಪಾತ್ರಿ? ಭಾಲ್ಕಿ ಬಜಾರದಿಂದ. ಮೊದಲ ತಾಂಬ್ರದ್ದು ಇದ್ದವು, ಈಗ ಎಲ್ಲಾ ಸ್ಟೀಲು. ಸೋರೋವು ನಮ್ಮ ಹೀರಾ ಕೊಟ್ಟು ಬದಲಿ ತರ್ತಾಳ."

ಸೋನವಾಡಿಯ ಮಂದಿ ಮೊದಲು ಕೆಮ್ಮಿದರು. ಆಮೇಲೆ ಶಾಮಿಯಾನದ ಹಿಂಭಾಗದಲ್ಲಿ ಯಾರೋ ಕಿಸಕ್ಕೆಂದರು. ತಮ್ಮ ಊರನ್ನು ಭಾಷಣದಲ್ಲಿ ಹೆಸರಿಸಿದರೆಂದು ಭಾಲ್ಕಿಯ ಬಳಗದವರು ಮಾತ್ರ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಇಷ್ಟರಲ್ಲಿ ಸಾಹೇಬರು, ತಮ್ಮ ಭಾಷಣಕ್ಕೆ ನಾಲ್ಕು ಮಾತು ಬೇಕಲ್ಲ ಎಂದು, ಪೂನಮಳ ಕೈಯಿಂದ ಪಠ್ಯಪುಸ್ತಕ ಇಸಿದುಕೊಂಡು ಲೇಖಕರ ಪರಿಚಯದ ಪುಟ ತೆರೆದಿದ್ದರು. ಅವರ ಹುಬ್ಬು ಮೇಲೇರಿತು. ಒಮ್ಮೆ ಪುಟ ನೋಡಿದರು, ಒಮ್ಮೆ ಪಕ್ಕದವನನ್ನು ನೋಡಿದರು. ಮಾಸ್ತರರನ್ನು ಸನ್ನೆಮಾಡಿ ಕರೆದರು.

"ಮಾಸ್ತರ, ಇದನ್ನ ಬರದವರು ಸತ್ತು ಭಾಳ ವರ್ಷ ಆಗ್ಯಾವಂತ ಅದಲ್ರಿ ಇಲ್ಲಿ."

"ಹೌದ್ರಿ ಸಾಹೇಬ್ರ."

"ಮತ್ತ ಇಲ್ಲಿ ಕೂತು ಪೇಢಾ ತಿನ್ನಲತ್ತೋರು ಯಾರು?"

ಕಾಶೀರಾಮ ಮಾಸ್ತರರ ಎದುರು ಎರಡು ದಾರಿಗಳಿದ್ದವು; ಎರಡರಲ್ಲೂ ಬಸ್ಸಿರಲಿಲ್ಲ. ಸಾಹೇಬರನ್ನು ನೋಡಿದರು, ನಿಯೋಜನೆ ತಮ್ಮನ್ನು ಬಿಟ್ಟು ಬೀದರಿನ ಕಡೆ ನಡೆದುಹೋಗುತ್ತಿರುವುದು ಕಂಡಂತಾಯಿತು. ಹಣಮಂತಪ್ಪನನ್ನು ನೋಡಿದರು. ಅವನು ಶಾಲಿನ ಅಂಚನ್ನು ಬೆರಳಲ್ಲಿ ನೀವುತ್ತ ಯಾರು ಏನು ಕೇಳಿದರೂ ತಲೆಯಾಡಿಸುತ್ತಿದ್ದ. ಹಿಂದೆ ನಗು ಜೋರಾಗುತ್ತಿತ್ತು. ಇನ್ನೂ ಸ್ವಲ್ಪ ಹೊತ್ತು ಹೀಗೇ ನಡೆದರೆ ಇಡೀ ಊರು ನಗುತ್ತದೆ, ಏಕೆ ನಗುತ್ತದೆಂದು ಅವನೊಬ್ಬನಿಗೆ ಗೊತ್ತಿರುವುದಿಲ್ಲ. ಮಾಸ್ತರರು ದಿಲೀಪನ ಕೈಯಿಂದ ಮೈಕು ಕಸಿದುಕೊಂಡರು.

"ಎಲ್ಲಾರೂ ಮಾಫ ಮಾಡ್ರಿ. ಈ ನಾಟಕ ಹಣಮಂತಪ್ಪನೋರು ಬರದಿಲ್ಲ. ತಪ್ಪು ನಂದು."

ದಿಲೀಪನ ಕೈ ತಾನಾಗಿ ಶಾಲಿನ ಕಡೆ ಚಾಚಿತು. ಎಲ್ಲರ ಮುಖ ಬದಲಾದದ್ದು ನೋಡಿ ಹಣಮಂತಪ್ಪ ಮಾಸ್ತರರ ತೋಳು ಜಗ್ಗಿದ. "ಏನಾಯ್ತು? ಏನಂದ್ರಿ?"

ಮಾಸ್ತರರು ಬಾಗಿ ಅವನ ಕಿವಿಗೆ ಬಾಯಿಟ್ಟರು. ಕೈಯಲ್ಲಿ ಮೈಕು ಇದ್ದದ್ದನ್ನು ದಣಿದ ಜೀವ ಮರೆತಿತ್ತು. "ಮುತ್ಯಾ, ಬುಕ್ಕಿನಾಗ ಇರೋದು ಒಬ್ಬ ಕಿವುಡ!" ಎಂಬುದು ಎಕಂಬಾದ ಹೊಲಗಳವರೆಗೆ ಕೇಳಿಸಿತು.

"ಯಾರು?"

"ಕಿವುಡ!"

"ಕೇಳ್ಸಂಗಿಲ್ಲೇನು ಅಂವಗ?"

"ಕೇಳ್ಸಂಗಿಲ್ಲ! ಹುಡುಗರು ಅಂವ ನಿಮ್ಮಂಗ ಅದಾನ ಅಂದ್ರು. ನಕ್ಕರು. ನಾನೂ ನಕ್ಕೆ!"

ಹಣಮಂತಪ್ಪ ತಲೆಯಾಡಿಸಲಿಲ್ಲ. ಅವನಿಗೆ ಕೇಳಿಸಿತ್ತು. ಮುಂದಿನ ಸಾಲಿನಲ್ಲಿ ಹೀರಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪಂಢರಿ ಕೂಡ ಕಂಬಳಿ ಸರಿಸಿ ಮುಂದಕ್ಕೆ ಬಾಗಿದ.

"ಕಡೀಕ ಏನಾಗ್ತದ ಅಂವಗ?" ಎಂದು ಕೇಳಿದ ಹಣಮಂತಪ್ಪ.

"ಮನಿಗಿ ಕಳ್ಳ ಬರ್ತಾನ! ಎಲ್ಲಾರೂ ಅಡಗಿ ಕೂಡ್ತಾರ! ಆ ಕಿವುಡ ಒಬ್ಬಾಂವೇ ಕಳ್ಳನ್ನ ಓಡಸ್ತಾನ!"

"ಮನಿ ಉಳೀತದೇನು?"

"ಉಳೀತದ!"

ಹಣಮಂತಪ್ಪ ಯೋಚಿಸಿದ. ದಿಲೀಪನ ಕೈಯನ್ನು ಶಾಲಿನ ಮೇಲಿಂದ ತೆಗೆದು ಪಕ್ಕಕ್ಕೆ ಇಟ್ಟ. "ಹಂಗಾದ್ರ ಶಾಲು ನಂದೇ," ಎಂದ.

ಆಗ ಎದ್ದ ನಗುವಿನಲ್ಲಿ ಮುಚ್ಚುಮರೆ ಇರಲಿಲ್ಲ. ಅವನೂ ನಕ್ಕ. ಸಾಹೇಬರು ನಗಬಹುದೋ ಬಾರದೋ ಎಂದು ಸುತ್ತ ನೋಡಿ, ಆಮೇಲೆ ನಕ್ಕರು.

ಮಕ್ಕಳು ನಾಟಕ ಆಡಿದರು. ಮಾವನ ಪಾತ್ರದ ಹುಡುಗ ಪ್ರತಿ ಮಾತಿಗೂ ಕಿವಿಗೆ ಕೈ ಹಚ್ಚಿ "ಆಂ? ಆಂ?" ಎನ್ನುತ್ತಿದ್ದ. ಸ್ವಲ್ಪ ಹೊತ್ತು ನೋಡಿದ ಹಣಮಂತಪ್ಪ ತಡೆಯಲಾರದೆ ನಡುವೆಯೇ ಎದ್ದು ಹೋಗಿ ಹುಡುಗನ ಕೈ ಕೆಳಗಿಳಿಸಿದ.

"ಕಿವಿಗಿ ಕೈ ಹಚ್ಚಬ್ಯಾಡೋ ತಮ್ಮಾ. ಹಚ್ಚಿದ್ರ ಮಂದಿಗಿ ಗೊತ್ತಾಗ್ತದ. ಎಲ್ಲಾ ಕೇಳ್ಸಿದಂಗ ಸುಮ್ಮ ಗೋಣ ಹಾಕಬೇಕು. ಹಿಂಗ. ನಾ ಇಷ್ಟು ವರ್ಷ ಹಂಗೇ ಹಾಕೇನಿ."

ಆ ಮಾತಿಗೆ ಯಾರೂ ನಗಲಿಲ್ಲ. ಹೀರಾಬಾಯಿ ತಲೆ ತಗ್ಗಿಸಿದಳು. ಹುಡುಗ ಮಾತ್ರ ಪಾಠ ಕಲಿತವನಂತೆ ಗಂಭೀರವಾಗಿ ತಲೆಯಾಡಿಸಿದ, ನಾಟಕ ಮುಂದುವರಿಯಿತು. ಕಳ್ಳನ ಪಾತ್ರದ ಹುಡುಗ ಗಾಬರಿಯಲ್ಲಿ ಮಾತು ಮರೆತಾಗ ಪಂಢರಿ ಕಂಬಳಿ ಸಮೇತ ವೇದಿಕೆಗೆ ನುಗ್ಗಿ, ಒಂದು ಮಾತೂ ಆಡದೆ ಅತ್ಯಂತ ಭಯಂಕರವಾಗಿ ಓಡಿಹೋದ. ಅವನಿಗೂ ಚಪ್ಪಾಳೆ ಬಿತ್ತು.

ಸಾಹೇಬರು ಜೀಪು ಹತ್ತುವಾಗ ಮಾಸ್ತರರನ್ನು ಕರೆದರು. "ಆದದ್ದು ಆಯ್ತು, ನಾ ಎಲ್ಲೂ ಆಡಂಗಿಲ್ಲ. ನಿಯೋಜನೆದು ಮಾತ್ರ ಅಧ್ಯಕ್ಷರನ್ನ ಕೇಳ್ರಿ. ಅವರಿಗಿ ಬರೋಬರಿ ಕೇಳ್ಸಬೇಕು, ಬರೋಬರಿ ಹೂಂ ಅನ್ನಬೇಕು. ಬರೇ ಗೋಣ ಹಾಕಿದ್ದು ನಡ್ಯಂಗಿಲ್ಲ."

ಹೀಗಾಗಿ, ಮುಂದಿನ ವಾರ ಹೀರಾಬಾಯಿ ಗಂಡನನ್ನು ಬೀದರಿನ ಕಿವಿಯ ಡಾಕ್ಟರ ಹತ್ತಿರ ಕರೆತಂದಾಗ ಜೊತೆಗೆ ಓಡಾಡಿದವರು ಕಾಶೀರಾಮ ಮಾಸ್ತರರೇ. ಅದು ಭಾನುವಾರ. ವಾರದಲ್ಲಿ ಅವರು ಬಸ್ಸು ಹತ್ತದೆ ಮಲಗುವ ಒಂದೇ ದಿನ. ದವಾಖಾನೆಯ ಬೆಂಚಿನ ಮೇಲೆ ಕೂತೇ ಒಂದು ನಿದ್ದೆ ತೆಗೆದರು. ಹಣಮಂತಪ್ಪನ ಕಿವಿಗೆ ಮಶೀನು ಕೂತಿತು. ಮೂವರೂ ಹೊರಗೆ ಬಂದು ರಸ್ತೆಯ ಪಕ್ಕದ ಹೋಟೆಲಿನಲ್ಲಿ ಚಹಾಕ್ಕೆ ಕೂತರು.

ಹಣಮಂತಪ್ಪ ಮೈಯೆಲ್ಲ ಕಿವಿಯಾಗಿದ್ದ. ಕಪ್ಪು ಬಸಿಗೆ ತಾಗಿದ ಸದ್ದಿಗೆ ಬೆಚ್ಚಿದ, ಆಟೊದ ಹಾರ್ನಿಗೆ ಎದ್ದು ನಿಂತ, ಹೀರಾಬಾಯಿಯ ಬಳೆಯ ಸದ್ದಿಗೆ ಹೊರಳಿ ನೋಡಿ ನಕ್ಕ. ಇದೇ ಸಮಯವೆಂದು ಮಾಸ್ತರರು ಗಂಟಲು ಸರಿಪಡಿಸಿಕೊಂಡು, ಕೂಗದೆ, ಮೆಲ್ಲಗೆ ಎಲ್ಲವನ್ನೂ ಹೇಳಿದರು. ಎರಡು ಬಸ್ಸು, ಟಂಟಂ, ಸೊಂಟದ ನೋವು, ಬೀದರಿನ ಶಾಲೆ, ಸಾಹೇಬರ ಷರತ್ತು.

"ನಿಮ್ಮದೊಂದು ಹೂಂ ಬೇಕಾಗ್ಯಾದ ಮುತ್ಯಾ," ಎಂದು ಮುಗಿಸಿದರು.

ಹಣಮಂತಪ್ಪ ಒಂದೊಂದು ಮಾತನ್ನೂ ಕೇಳಿಸಿಕೊಂಡ. ಉತ್ತರ ಕೊಡಲು ಬಾಯಿ ತೆರೆದು, "ಮಾಸ್ತರ!" ಎಂದವನೇ ಗಕ್ಕನೆ ನಿಲ್ಲಿಸಿದ. ಗಾಬರಿಯಿಂದ ಹಿಂದೆ ಮುಂದೆ ನೋಡಿದ. ಹೋಟೆಲಿನವರೆಲ್ಲ ತಿರುಗಿ ನೋಡುತ್ತಿದ್ದರು.

"ಯಾರಂವ? ಯಾರು ಇಷ್ಟು ಒದರಲತ್ತಾರ?"

"ನೀವೇರಿ," ಎಂದಳು ಹೀರಾಬಾಯಿ.

"ನಾ? ಇಷ್ಟು ಒದರ್ತೇನೇನು?"

"ಇಷ್ಟು ವರ್ಷ ಹಿಂಗೇ ಒದರೀರಿ."

ಹಣಮಂತಪ್ಪ ನಾಚಿಕೊಂಡು ರುಮಾಲು ಸರಿಮಾಡಿಕೊಂಡ. ಬಸಿಯಲ್ಲಿದ್ದ ಚಹಾ ಕುಡಿದ. ಆಮೇಲೆ ಮುಂದಕ್ಕೆ ಬಾಗಿ, ಸೋನವಾಡಿಯಲ್ಲಿ ಯಾರೂ ಕೇಳಿರದಷ್ಟು ಮೆತ್ತಗಿನ ದನಿಯಲ್ಲಿ, ಹುಡುಗರಿಗೆ ಕೇಳಬಾರದ ಗುಟ್ಟು ಹೇಳುವವನಂತೆ ಹೇಳಿದ:

"ಮಾಸ್ತರ… ಹೋಗಬ್ಯಾಡ್ರಿ."

ಕೂಗಿ ಹೇಳಿದ್ದರೆ ಕಾಶೀರಾಮ ಮಾಸ್ತರರು ವಾದ ಮಾಡುತ್ತಿದ್ದರು. ಅವರ ಹತ್ತಿರ ವಾದಗಳು ಬಹಳ ಇದ್ದವು. ಹೀಗೆ ಹೇಳಿದ ಮೇಲೆ ಏನು ಮಾಡುವುದು? ಆರಿಹೋದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಔರಾದದ ಬಸ್ಸಿನಲ್ಲಿ ಮುದುಕರಿಬ್ಬರಿಗೂ ಸೀಟು ಹಿಡಿದುಕೊಡಲು ಎದ್ದರು.